ಮತದಾನಕ್ಕೆ ಮೊದಲೇ ಮುಗಿಯುವ ಚುನಾವಣೆ

ಪಂಚಾಯಿತಿ ಚುನಾವಣೆ ಎಂದರೆ ಜನರ ಮನಸ್ಸಿಗೆ ಬರುವುದು ಕರಪತ್ರ, ಮನೆಮನೆ ಪ್ರಚಾರ, ಬೆರಳಿನ ಶಾಯಿ. ಆದರೆ ನಿಮ್ಮ ಓಣಿ ಯಾವ ವಾರ್ಡಿಗೆ ಸೇರುತ್ತದೆ, ಆ ವಾರ್ಡಿನಲ್ಲಿ ಯಾರು ಸ್ಪರ್ಧಿಸಬಹುದು, ಮತದಾರರ ಪಟ್ಟಿಯಲ್ಲಿ ಯಾರ ಹೆಸರಿರುತ್ತದೆ ಎಂಬ ಮೂರೂ ಪ್ರಶ್ನೆಗಳು ಅದಕ್ಕೆ ಬಹಳ ಮುಂಚೆಯೇ, ಕಚೇರಿಯ ಕಡತಗಳಲ್ಲಿ ತೀರ್ಮಾನವಾಗಿರುತ್ತವೆ. ನಾಗರಿಕನ ಮಾತಿಗೆ ಕಾನೂನು ಹೆಚ್ಚು ಬೆಲೆ ಕೊಡುವುದೂ ಆ ಹಂತದಲ್ಲೇ. ಅಧಿಸೂಚನೆ ಹೊರಬಿದ್ದ ಮೇಲೆ ಕೂಗಾಡಿದರೆ ಕೇಳಿಸಿಕೊಳ್ಳುವ ಬಾಗಿಲುಗಳು ಹೆಚ್ಚಿಲ್ಲ. ಹೀಗಿದ್ದೂ ಕರಡು ಪ್ರಕಟವಾದ ದಿನ ಕಚೇರಿಗಳು ಖಾಲಿ, ಮತದಾನದ ದಿನ ಮತಗಟ್ಟೆಯ ಮುಂದೆ ಜಗಳ. ಇದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ.

ಸಂವಿಧಾನದ 243ಕೆ ವಿಧಿ ಪಂಚಾಯಿತಿಗಳ ಮತದಾರರ ಪಟ್ಟಿ ಸಿದ್ಧಪಡಿಸುವ ಮತ್ತು ಚುನಾವಣೆ ನಡೆಸುವ ಹೊಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿದೆ. ಇದು ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವ ಭಾರತ ಚುನಾವಣಾ ಆಯೋಗವಲ್ಲ. ಎರಡನ್ನೂ ಒಂದೇ ಎಂದುಕೊಂಡು ತಪ್ಪು ವಿಳಾಸಕ್ಕೆ ದೂರು ಕಳಿಸುವವರು ಅನೇಕರು. ಗೊಂದಲಕ್ಕೆ ಕಾರಣವೂ ಇದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಿಧಾನಸಭೆಯ ಮತದಾರರ ಪಟ್ಟಿಯೇ ಪಂಚಾಯಿತಿ ಪಟ್ಟಿಗೆ ಮೂಲ. ಅದನ್ನೇ ವಾರ್ಡುವಾರು ಬಿಡಿಸಿ ಕರಡು ಪ್ರಕಟಿಸುತ್ತಾರೆ. ಆದ್ದರಿಂದ ತಪ್ಪು ಎರಡು ಕಡೆ ಆಗಬಹುದು, ಪರಿಹಾರವೂ ಎರಡು ಬಗೆಯದು. ಹೆಸರೇ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಮೂಲಕವೋ ಆನ್‌ಲೈನ್‌ನಲ್ಲೋ ನಮೂನೆ 6ರ ಅರ್ಜಿ, ವಿವರ ತಪ್ಪಿದ್ದರೆ ಅಥವಾ ಮನೆ ಬದಲಿಸಿದ್ದರೆ ನಮೂನೆ 8. ಹೆಸರಿದ್ದು, ಪಕ್ಕದ ವಾರ್ಡಿಗೆ ಜಾರಿದ್ದರೆ ಈ ನಮೂನೆಗಳಿಂದ ಪ್ರಯೋಜನವಿಲ್ಲ. ವಾರ್ಡುವಾರು ಕರಡಿನ ಮೇಲೆ ತಹಶೀಲ್ದಾರ್ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆದ ತಿದ್ದುಪಡಿ ಆ ಚುನಾವಣೆಯ ಲೆಕ್ಕಕ್ಕೆ ಬರುವುದಿಲ್ಲ. ವಾಸಸ್ಥಳ ಬದಲಾಗಿದೆ ಎಂದು ಯಾರದಾದರೂ ಹೆಸರು ಕೈಬಿಡುವುದಿದ್ದರೆ ಅವರ ಮಾತು ಕೇಳುವ ಅವಕಾಶ ಕೊಡಲೇಬೇಕೆಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ನೋಟಿಸ್ ಇಲ್ಲದೆ ಹೆಸರು ಹೋಗಿದ್ದರೆ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಇಷ್ಟೆಲ್ಲ ಧಾವಂತ ಏಕೆ, ಅನ್ಯಾಯವಾದರೆ ನ್ಯಾಯಾಲಯವಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯಾಲಯವಿದೆ, ಆದರೆ ಸಂವಿಧಾನದ 243ಒ ವಿಧಿ ಅದರ ದಾರಿಯನ್ನು ಬೇಕೆಂದೇ ಕಿರಿದಾಗಿಸಿದೆ. ಪಂಚಾಯಿತಿ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರಾವ ರೀತಿಯಲ್ಲೂ ಪ್ರಶ್ನಿಸುವಂತಿಲ್ಲ. ಗ್ರಾಮ ಪಂಚಾಯಿತಿಯ ಮಟ್ಟಿಗೆ ಆ ಅರ್ಜಿಯನ್ನು ಫಲಿತಾಂಶ ಘೋಷಣೆಯಾದ ಮೂವತ್ತು ದಿನದೊಳಗೆ ಅಭ್ಯರ್ಥಿಯೋ ಆ ಕ್ಷೇತ್ರದ ಮತದಾರನೋ ಸಲ್ಲಿಸಬೇಕು. ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಿದ್ದು, ಭ್ರಷ್ಟ ಆಚರಣೆ, ಫಲಿತಾಂಶವನ್ನೇ ಬದಲಿಸಿದ ನಿಯಮಭಂಗ ಇಂಥವಕ್ಕೆ ಅದು ಸರಿಯಾದ ಆಯುಧ. ನನ್ನ ಓಣಿಯನ್ನು ಎರಡು ಹೋಳು ಮಾಡಿದರು ಎಂಬ ದೂರಿಗೆ ಅಲ್ಲಿ ಜಾಗವಿಲ್ಲ. ಉತ್ತರ ಪ್ರದೇಶ ಸರ್ಕಾರ ಮತ್ತು ಪ್ರಧಾನ ಸಂಘ ಕ್ಷೇತ್ರ ಸಮಿತಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಇದನ್ನು ಬಿಡಿಸಿ ಹೇಳಿದೆ: ಆಕ್ಷೇಪಣೆ ಆಹ್ವಾನಿಸಲಿಲ್ಲ, ವಿಚಾರಣೆ ನಡೆಸಲಿಲ್ಲ ಎಂಬ ಕಾರಣಕ್ಕೆ ಮಾತ್ರ ಕ್ಷೇತ್ರ ವಿಂಗಡಣೆಯನ್ನು ಪ್ರಶ್ನಿಸಬಹುದು, ಅದೂ ಚುನಾವಣೆಯ ಅಧಿಸೂಚನೆಗೆ ಮೊದಲು. ಅಂದರೆ ಆಕ್ಷೇಪಣೆ ಸಲ್ಲಿಸುವುದು ಬರೀ ಔಪಚಾರಿಕತೆಯಲ್ಲ, ಮುಂದೆ ಹೈಕೋರ್ಟ್ ಮೆಟ್ಟಿಲೇರಬೇಕಾಗಿ ಬಂದರೆ ಕೈಯಲ್ಲಿರಬೇಕಾದ ಮೊದಲ ದಾಖಲೆ.

ಸಾಮಾನ್ಯನ ಆಕ್ಷೇಪಣೆ ಕಸದ ಬುಟ್ಟಿಗೆ ಹೋಗುತ್ತದೆ ಎಂಬ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆ. ಎರಡು ಸಾಲಿನ ಹಿಂಬರಹದೊಂದಿಗೆ ತಿರಸ್ಕೃತವಾಗುವ ಅರ್ಜಿಗಳು ಬೇಕಾದಷ್ಟು. ಆದರೆ ತಯಾರಿಯ ಹಂತದ ಲೋಪವನ್ನು ನ್ಯಾಯಾಲಯ ಲಘುವಾಗಿ ಕಾಣುವುದಿಲ್ಲ ಎನ್ನುವುದಕ್ಕೆ ಬೆಂಗಳೂರೇ ಸಾಕ್ಷಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಮಹಿಳಾ ಮತ್ತು ಹಿಂದುಳಿದ ವರ್ಗಗಳ ವಾರ್ಡು ಮೀಸಲಾತಿಯನ್ನು 2022ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು. ಆಧಾರವಿರುವ ಆಕ್ಷೇಪಣೆಗೆ ತೂಕವಿದೆ. ‘ನಮ್ಮ ವಾರ್ಡಿಗೆ ಅನ್ಯಾಯವಾಗಿದೆ’ ಎಂದು ಬರೆದರೆ ಅಧಿಕಾರಿಗೆ ತಳ್ಳಿಹಾಕುವುದು ಸುಲಭ. ಗಡಿ ಯಾವ ರಸ್ತೆಯಲ್ಲಿ ತಪ್ಪಿದೆ, ಜನಸಂಖ್ಯೆಯ ಲೆಕ್ಕ ಎಲ್ಲಿ ಏರುಪೇರಾಗಿದೆ ಎಂದು ತೋರಿಸಿದರೆ ಅಷ್ಟು ಸುಲಭವಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯ ಎಂಬ ಅಳತೆಗೋಲು ಕಾಯ್ದೆಯಲ್ಲೇ ಇದೆ. ಮಾಹಿತಿ ಹಕ್ಕಿನಡಿ ವಿವರ ಪಡೆದು ಆಮೇಲೆ ಬರೆಯೋಣ ಎಂದು ಕಾಯಬೇಡಿ. ಆ ಉತ್ತರಕ್ಕೆ ಮೂವತ್ತು ದಿನದ ಅವಕಾಶವಿದೆ, ಕರಡಿನ ಗಡುವು ಅಷ್ಟು ದಿನ ನಿಲ್ಲುವುದು ಅಪರೂಪ.

ಇನ್ನೊಂದು ವಾದ ಹೆಚ್ಚು ಅಪಾಯಕಾರಿ, ಏಕೆಂದರೆ ಮೇಲ್ನೋಟಕ್ಕೆ ಅದು ನ್ಯಾಯವಾಗಿಯೇ ಕಾಣುತ್ತದೆ: ಇಷ್ಟು ಸೂಕ್ಷ್ಮವಾದ ತಯಾರಿಗೆ ಸಮಯ ಬೇಕು, ಚುನಾವಣೆ ತಡವಾದರೆ ಆಗಲಿ. ಈ ನೆಪ ಎಲ್ಲಿಗೆ ಒಯ್ಯುತ್ತದೆಂದು ಕರ್ನಾಟಕ ಕಂಡಿದೆ. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆಯ ಅಧಿಕಾರ ರಾಜ್ಯ ಚುನಾವಣಾ ಆಯೋಗದ ಕೈಯಿಂದ ಸರ್ಕಾರ ರಚಿಸಿದ ಸೀಮಾ ನಿರ್ಣಯ ಆಯೋಗಕ್ಕೆ ಹೋಯಿತು, ಮೀಸಲಾತಿಯ ವ್ಯಾಜ್ಯ ಬೆಳೆಯಿತು, ಆ ಪಂಚಾಯಿತಿಗಳು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಸುಪರ್ದಿಯಲ್ಲಿ ಉಳಿದವು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಪಾಲಿಕೆಯ ಅವಧಿ ಮುಗಿದ ಮೇಲೆ ವಾರ್ಡುಗಳು 198ರಿಂದ 243ಕ್ಕೆ ಏರಿದವು, 225ಕ್ಕೆ ಇಳಿದವು, 2025ರಲ್ಲಿ ಪಾಲಿಕೆಯೇ ಐದಾಯಿತು. ಪ್ರತಿ ಮರುವಿಂಗಡಣೆಗೂ ಒಂದೊಂದು ಸಮರ್ಥನೆ ಇದ್ದೇ ಇತ್ತು. ಆದರೆ ಪಂಚಾಯಿತಿಗಳ 243ಇ ವಿಧಿಯಲ್ಲಾಗಲಿ, ನಗರ ಸಂಸ್ಥೆಗಳ 243ಯು ವಿಧಿಯಲ್ಲಾಗಲಿ ಇಂಥ ಸಮರ್ಥನೆಗೆ ಜಾಗವಿಲ್ಲ. ಮೊದಲ ಸಭೆಯ ದಿನದಿಂದ ಐದು ವರ್ಷ, ಅಷ್ಟರೊಳಗೆ ಹೊಸ ಚುನಾವಣೆ ಮುಗಿದಿರಬೇಕು. 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗಡುವನ್ನು ಎತ್ತಿಹಿಡಿದು, ಸರ್ಕಾರ ಸಹಕರಿಸದಿದ್ದರೆ ಚುನಾವಣಾ ಆಯೋಗ ನ್ಯಾಯಾಲಯದ ಮೊರೆ ಹೋಗಬಹುದೆಂದಿತು. 2022ರ ಸುರೇಶ್ ಮಹಾಜನ್ ತೀರ್ಪು ಇನ್ನೂ ಖಡಾಖಂಡಿತ: ಹೊಸ ವಿಂಗಡಣೆ ಮುಗಿದಿಲ್ಲದಿದ್ದರೆ ಹಳೆಯದರ ಮೇಲೆಯೇ ಚುನಾವಣೆ ನಡೆಸಿ. ಎಚ್ಚರದ ತಯಾರಿ ಮತ್ತು ಸಕಾಲದ ಚುನಾವಣೆ ಒಂದಕ್ಕೊಂದು ಶತ್ರುಗಳಲ್ಲ. ತಯಾರಿಯನ್ನು ಐದನೇ ವರ್ಷದ ಕೊನೆಗೆ ತಳ್ಳುವ ಚಾಳಿಯೇ ಇಲ್ಲಿನ ರೋಗ.

ಅಧಿಸೂಚನೆಯ ನಂತರದ್ದು ಬಹುಮಟ್ಟಿಗೆ ಪರಿಚಿತ ಸಂಗತಿ: ನಾಮಪತ್ರ, ಪರಿಶೀಲನೆ, ವಾಪಸಾತಿ, ಮತದಾನ, ಎಣಿಕೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ ಎಂಬುದು ನೆನಪಿದ್ದರೆ ಸಾಕು. ಚಿಹ್ನೆ ಇಲ್ಲದಿದ್ದರೂ ಪಕ್ಷ ಇರುತ್ತದೆ, ಆ ಮಾತು ಬೇರೆ.

ನಮ್ಮ ಬಹುತೇಕ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ರಂದು. ನಿಮ್ಮ ಪಂಚಾಯಿತಿಯ ಮೊದಲ ಸಭೆ ಯಾವ ದಿನ ನಡೆಯಿತೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಲ್ಲಿ ಕೇಳಿ ಐದು ವರ್ಷ ಲೆಕ್ಕ ಹಾಕಿಕೊಳ್ಳಿ. ಮುಂದಿನ ಕರಡು ಪ್ರಕಟವಾದಾಗ ಸೂಚನಾ ಫಲಕದ ಮುಂದೆ ನಿಂತು ಮನೆಯವರೆಲ್ಲರ ಹೆಸರು ಮತ್ತು ವಾರ್ಡು ನೋಡಿ. ತಪ್ಪಿದ್ದರೆ ಗಡುವಿನೊಳಗೆ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಡಿ.