ಹೊಸ ಮೋಟರ್‌ಸೈಕಲ್: ಸಹಿ ಹಾಕುವ ಮುಂಚೆ ಅರ್ಧ ತಾಸು



ಎತ್ತು ಕೊಳ್ಳಲು ಸಂತೆಗೆ ಹೋದ ನಮ್ಮ ರೈತರು ಸುಮ್ಮನೆ ದುಡ್ಡು ಎಣಿಸಿ ಕೊಡುವುದಿಲ್ಲ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕಾಲು ಎತ್ತಿ ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಾರೆ. ಅದೇ ರೈತರು ಮೋಟರ್‌ಸೈಕಲ್ ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತಾರೆ, ತಿಂಗಳ ಕಂತು ಎಷ್ಟೆಂದು ಕೇಳುತ್ತಾರೆ, ತೋರಿಸಿದಲ್ಲೆಲ್ಲ ಸಹಿ ಮಾಡಿ ಕೀಲಿ ತಗೊಂಡು ಬರುತ್ತಾರೆ. "ಹೊಸಾ ಗಾಡಿ ಐತಲ್ರೀ, ಅದರಾಗ ಏನ್ ನೋಡೂದೈತಿ?" ಎಂಬ ಮಾತನ್ನು ಸಂಘದ ಸಭೆಗಳಲ್ಲಿ ನಾವು ಕೇಳುತ್ತಲೇ ಇರುತ್ತೇವೆ. ನೋಡುವುದು ಬಹಳ ಇದೆ. ಅದನ್ನು ತಿಳಿಯುವುದೇ ಈ ತಿಂಗಳ ಪಾಠ.

ಸಿಂಗಟಾಲೂರು, ಹಮ್ಮಿಗಿ, ಕೊರ್ಲಹಳ್ಳಿಯಂಥ ಹೊಳೆದಂಡೆಯ ಊರುಗಳಲ್ಲಿ ಮೋಟರ್‌ಸೈಕಲ್ ಶೋಕಿಯ ವಸ್ತುವಲ್ಲ. ಹೊಲಕ್ಕೆ ಗೊಬ್ಬರದ ಚೀಲ ಹೋಗುವುದು ಅದರ ಮೇಲೆ. ಮುಂಡರಗಿ ಸಂತೆಗೆ, ಗದಗಿನ ಆಸ್ಪತ್ರೆಗೆ ಗಂಡ-ಹೆಂಡತಿ ಹೋಗುವುದು ಅದರ ಮೇಲೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಟಿಪ್ಪರ್ ಎದುರಾಗುತ್ತವೆ. ಅಂಥ ಜಾಗದಲ್ಲಿ ಬ್ರೇಕ್ ಹಿಡಿಯದಿದ್ದರೆ ದುಡಿಯುವ ಕೈ ಹಾಸಿಗೆ ಹಿಡಿಯುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಹೊಸ ಗಾಡಿಯಲ್ಲಿ ತಪ್ಪು ಎಲ್ಲಿಂದ ಬರುತ್ತದೆ?

ಗಾಡಿ ಕಾರ್ಖಾನೆಯಿಂದ ನೇರವಾಗಿ ನಮ್ಮ ಕೈಗೆ ಬರುವುದಿಲ್ಲ. ಲಾರಿಯಲ್ಲಿ ಬಿಗಿದು ತರುತ್ತಾರೆ, ಗೋದಾಮಿನಲ್ಲಿ ನಿಲ್ಲಿಸುತ್ತಾರೆ, ಆಮೇಲೆ ಶೋರೂಮಿನವರು ಅದನ್ನು ತಯಾರು ಮಾಡುತ್ತಾರೆ. ಬ್ಯಾಟರಿ ಜೋಡಿಸುವುದು, ಕನ್ನಡಿ, ಸೀರೆ ಗಾರ್ಡ್, ಲೆಗ್ ಗಾರ್ಡ್, ನಂಬರ್ ಪ್ಲೇಟ್ ಕೂಡಿಸುವುದು ಹೆಚ್ಚಾಗಿ ಅಲ್ಲೇ. ಟೈರಿನ ಗಾಳಿ, ಚೈನು, ಬ್ರೇಕ್, ಕ್ಲಚ್ ಸರಿಯಾಗಿವೆಯೇ ಎಂದು ನೋಡಿ, ನಟ್ಟು-ಬೋಲ್ಟು ಬಿಗಿದು, ಸ್ವಲ್ಪ ದೂರ ಓಡಿಸಿ ನೋಡಬೇಕಾದವರೂ ಅವರೇ. ಇದಕ್ಕೆ ಪಿಡಿಐ ಎನ್ನುತ್ತಾರೆ, ಅಂದರೆ ಗಿರಾಕಿಗೆ ಒಪ್ಪಿಸುವ ಮುಂಚಿನ ತಪಾಸಣೆ. ಏನೇನು ನೋಡಬೇಕೆಂಬ ಪಟ್ಟಿಯನ್ನು ಕಂಪನಿಯವರೇ ಕೊಟ್ಟಿರುತ್ತಾರೆ.

ತಿಳಿದ ಮೆಕ್ಯಾನಿಕ್ ಸಮಾಧಾನದಿಂದ ಮಾಡಿದರೆ ಈ ಕೆಲಸ ಚೆನ್ನಾಗಿಯೇ ಆಗುತ್ತದೆ. ಆದರೆ ಯುಗಾದಿ, ಆಯುಧಪೂಜೆ, ದೀಪಾವಳಿ ಪಾಡ್ಯದ ದಿನ ಎಲ್ಲರಿಗೂ ಅದೇ ಮುಹೂರ್ತದಲ್ಲಿ ಗಾಡಿ ಬೇಕು. ಕೆಲಸ ಅವಸರದಲ್ಲಿ ಸಾಗುತ್ತದೆ. ಪಟ್ಟಿಯಲ್ಲಿ ಎಲ್ಲದಕ್ಕೂ ಟಿಕ್ ಬೀಳುತ್ತದೆ, ನಟ್ಟು ಮಾತ್ರ ಸಡಿಲವಾಗಿಯೇ ಉಳಿದಿರಬಹುದು. ಮೇಲಾಗಿ ಈಗ ಪೂರ್ತಿ ಜೋಡಿಸಿ ಬಂದ ಹೊಸ ಗಾಡಿಯನ್ನು ನೋಂದಣಿಗಾಗಿ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಾಗಿಲ್ಲ. ಹೀಗಾಗಿ ಶೋರೂಮಿನವರ ನಂತರ ಗಾಡಿಯನ್ನು ನೋಡುವ ಕಣ್ಣು ನಮ್ಮದೇ.

ಹೋಗುವ ಮುಂಚೆ

ಹಬ್ಬದ ದಿನವೇ ಗಾಡಿ ಬೇಕೆಂದರೆ ಎರಡು ದಿನ ಮೊದಲೇ ಹೋಗಿ ಪರೀಕ್ಷೆ ಮುಗಿಸಿರಿ. ಪೂಜೆಯ ದಿನ ಕೀಲಿ ತಗೊಂಡರಾಯಿತು. ಹೊತ್ತು ಮುಳುಗಿದ ಮೇಲೆ ಗಾಡಿ ಒಪ್ಪಿಕೊಳ್ಳಬೇಡಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗೀರು, ತುಕ್ಕು, ಎಣ್ಣೆ ಸೋರಿಕೆ ಕಾಣುವುದಿಲ್ಲ. ಊರಿನಲ್ಲಿ ಗಾಡಿ ರಿಪೇರಿ ಬಲ್ಲವರು ಅಥವಾ ಐಟಿಐ ಕಲಿತ ಹುಡುಗರಿದ್ದರೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕೊನೆಯ ಹಣ ಕಟ್ಟುವ ಮುಂಚೆ, ನಿಮಗೆ ಕೊಡುವ ಗಾಡಿಯನ್ನೇ ಬಯಲಿನಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ತೋರಿಸಲು ಕೇಳಿರಿ. ಕೇಳಲು ಸಂಕೋಚ ಬೇಡ. ದುಡ್ಡು ನಿಮ್ಮದು, ಜೀವವೂ ನಿಮ್ಮದು.

ಹತ್ತು ಪರೀಕ್ಷೆಗಳು

1. ನಂಬರು. ಚಾಸಿ ಮೇಲೆ ಕೊರೆದ 17 ಅಕ್ಷರ-ಅಂಕಿಗಳ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಯನ್ನು ಬಿಲ್ಲು, ವಿಮೆ ಪತ್ರದೊಂದಿಗೆ ಒಂದೊಂದೇ ಹೋಲಿಸಿರಿ. ತಯಾರಾದ ತಿಂಗಳು, ವರ್ಷ ಕೇಳಿರಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: 3525 ಎಂದಿದ್ದರೆ ಟೈರು 2025ರ 35ನೇ ವಾರದ್ದು. ಬಹಳ ದಿನ ನಿಂತ ಗಾಡಿಯಾದರೆ ಬ್ಯಾಟರಿ, ಟೈರುಗಳನ್ನು ಹೆಚ್ಚು ಜಾಗ್ರತೆಯಿಂದ ನೋಡಬೇಕು.

2. ಟೈರಿನ ಗಾಳಿ. ಲಾರಿಯಲ್ಲಿ ಬರುವಾಗ ಗಾಳಿ ಹೆಚ್ಚು ತುಂಬಿರುವುದುಂಟು, ಗೋದಾಮಿನಲ್ಲಿ ನಿಂತು ಇಳಿದಿರುವುದೂ ಉಂಟು. ಗಾಳಿ ಹೆಚ್ಚಾದ ಟೈರು ಗರಸಿನ ರಸ್ತೆಯಲ್ಲಿ ಜಾರುತ್ತದೆ. ಸಾಮಾನ್ಯ 100-125 ಸಿಸಿ ಗಾಡಿಗಳಿಗೆ ಮುಂದೆ 25ರ ಆಸುಪಾಸು, ಹಿಂದೆ ಒಬ್ಬರಿಗಾದರೆ 28ರಿಂದ 33 ಇರುತ್ತದೆ, ಇಬ್ಬರು ಕೂತರೆ ಇನ್ನೂ ಹೆಚ್ಚು ಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಸರಿಯಾದ ಲೆಕ್ಕ. ಮೀಟರ್ ಇಟ್ಟು ತೋರಿಸಲು ಹೇಳಿರಿ.

3. ಚಕ್ರದ ನಟ್ಟು ಮತ್ತು ಪಿನ್ನು. ಮುಂದಿನ, ಹಿಂದಿನ ಆಕ್ಸಲ್ ನಟ್ಟುಗಳಿಗೆ ನಿಮ್ಮ ಮುಂದೆಯೇ ಪಾನಾ ಹಾಕಿಸಿರಿ. ಹಿಂದಿನ ಡ್ರಮ್ ಬ್ರೇಕನ್ನು ತಿರುಗದಂತೆ ಹಿಡಿದಿರುವ ಪಟ್ಟಿಯ ನಟ್ಟು ನೋಡಿರಿ. ಅದಕ್ಕೆ ಪಿನ್ನು ಇರಬೇಕಾದ ಗಾಡಿಯಾದರೆ ಪಿನ್ನು ಇದೆಯೇ, ಅದರ ತುದಿ ಮಡಚಿದೆಯೇ ಗಮನಿಸಿರಿ. ಈ ನಟ್ಟು ಉದುರಿದರೆ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಹಾಕಿಕೊಂಡು ಗಾಡಿ ಬೀಳುತ್ತದೆ.

4. ಬ್ರೇಕ್. ಮುಂದಿನ ಲಿವರ್ ಹ್ಯಾಂಡಲ್‌ಗೆ ತಾಗುವ ತನಕ ಬರಬಾರದು. ಡಿಸ್ಕ್ ಬ್ರೇಕ್ ಇದ್ದರೆ ಲಿವರ್ ಗಟ್ಟಿಯಾಗಿರಬೇಕು, ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಬ್ರೇಕ್ ಎಣ್ಣೆ ಡಬ್ಬಿಯ ಗುರುತಿಗಿಂತ ಮೇಲಿರಬೇಕು. ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಸರಾಗವಾಗಿ ತಿರುಗಬೇಕು, ಪೆಡಲ್ ಒತ್ತಿದಾಗ ನಿಲ್ಲಬೇಕು. ಕಂಬೈನ್ಡ್ ಬ್ರೇಕಿನ ಗಾಡಿಯಲ್ಲಿ ಹಿಂದಿನ ಪೆಡಲ್ ಒತ್ತಿದಾಗ ಮುಂದಿನ ಬ್ರೇಕಿನ ತೋಳೂ ಅಲುಗಬೇಕು. ಒಬ್ಬರು ಒತ್ತಿದಾಗ ಇನ್ನೊಬ್ಬರು ಕೂತು ನೋಡಿರಿ.

5. ಚೈನು. ಪೂರ್ತಿ ಕವರ್ ಇದ್ದರೆ ಅದರ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಮೇಲೆ ಕೆಳಗೆ ಆಡಿಸಿರಿ. ಬಹಳ ಗಾಡಿಗಳಿಗೆ 20ರಿಂದ 30 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು ಆಡಬೇಕು. ಬಹಳ ಸಡಿಲಾದರೆ ಹಲ್ಲು ಬಿಟ್ಟು ಹೊರಬರುತ್ತದೆ, ಬಹಳ ಬಿಗಿಯಾದರೆ ಇಬ್ಬರು ಕೂತಾಗ ಬೇರಿಂಗ್ ಹಾಳಾಗುತ್ತದೆ. ಚಕ್ರದ ಎರಡೂ ಬದಿಯ ಗುರುತು ಒಂದೇ ಗೆರೆಗೆ ಇರಬೇಕು.

6. ಹ್ಯಾಂಡಲ್ ಮತ್ತು ಎಕ್ಸಲೇಟರ್. ಹ್ಯಾಂಡಲ್ ನೇರ ಹಿಡಿದಾಗ ಮುಂದಿನ ಚಕ್ರವೂ ನೇರ ಇರಬೇಕು. ಎಕ್ಸಲೇಟರ್ ತಿರುಗಿಸಿ ಬಿಟ್ಟರೆ ತಾನೇ ಪಟ್ಟನೆ ಹಿಂದೆ ಬರಬೇಕು. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಚಾಲೂ ಮಾಡಿ, ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ಹೊರಳಿಸಿರಿ. ಎಂಜಿನ್ ಸದ್ದು ತಾನಾಗಿ ಏರಿದರೆ ಕೇಬಲ್ ತಪ್ಪು ದಾರಿಯಲ್ಲಿ ಹೋಗಿದೆ ಎಂದೇ ತಿಳಿಯಿರಿ. ಅಂಥ ಗಾಡಿ ತಿರುವಿನಲ್ಲಿ ನಿಮ್ಮ ಕೈ ಮೀರಿ ಓಡುತ್ತದೆ.

7. ಎಂಜಿನ್ ಆಯಿಲ್. "ಹಾಕೇವ್ರಿ" ಎಂಬ ಮಾತು ಸಾಲದು. ಗಾಡಿ ನೆಟ್ಟಗೆ ನಿಲ್ಲಿಸಿ ಕಡ್ಡಿಯಲ್ಲೋ ಗಾಜಿನಲ್ಲೋ ಮಟ್ಟ ನೋಡಿರಿ. ಎಂಜಿನ್ ಕೆಳಗೆ ಒಂದು ಕಾಗದ ಹಾಸಿ ಹತ್ತು ನಿಮಿಷ ಬಿಡಿರಿ. ಹನಿ ಬಿದ್ದರೆ ಕಾಗದವೇ ಹೇಳುತ್ತದೆ.

8. ಬ್ಯಾಟರಿ, ಲೈಟು. ಬ್ಯಾಟರಿಯ ಎರಡೂ ತುದಿ ಬಿಗಿಯಾಗಿರಬೇಕು. ನಾಲ್ಕೈದು ಸಲ ಸೆಲ್ಫ್ ಒತ್ತಿ ನೋಡಿರಿ. ಹೆಡ್‌ಲೈಟು, ಎರಡೂ ಬ್ರೇಕಿಗೆ ಹಿಂದಿನ ಕೆಂಪು ದೀಪ, ನಾಲ್ಕು ಇಂಡಿಕೇಟರ್, ಹಾರ್ನ್ ಎಲ್ಲವೂ ಕೆಲಸ ಮಾಡಬೇಕು. ಗೋಡೆಗೆ ಬಿಟ್ಟಾಗ ಡಿಮ್ ಲೈಟು ಆಕಾಶ ನೋಡುತ್ತಿದ್ದರೆ ಕೆಳಗಿಳಿಸಲು ಹೇಳಿರಿ.

9. ಸೀರೆ ಗಾರ್ಡ್. ಇದನ್ನು ನಮ್ಮ ಅಕ್ಕ-ತಂಗಿಯರು ಮುಖ್ಯವಾಗಿ ಗಮನಿಸಬೇಕು. ಹಿಂದೆ ಕೂಡುವವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಚಂದ ಕಾಣುವುದಿಲ್ಲವೆಂದು ಬಿಚ್ಚಿಸಬೇಡಿ. ಕೂಡಿಸಿದ್ದನ್ನು ಕೈಯಿಂದ ಅಲುಗಾಡಿಸಿ ನೋಡಿರಿ. ಸಡಿಲಾದ ಗಾರ್ಡೇ ಚಕ್ರಕ್ಕೆ ಸಿಕ್ಕರೆ ಇನ್ನೂ ಅಪಾಯ. ಕೊರಳಿಗೆ ಸುತ್ತಿದ ದುಪಟ್ಟಾ ಅಥವಾ ಸೆರಗು ಚಕ್ರಕ್ಕೆ ಸಿಕ್ಕರೆ ಕೂಗಲೂ ಸಮಯ ಇರುವುದಿಲ್ಲ.

10. ಕಾಗದ ಮತ್ತು ಹೆಲ್ಮೆಟ್. ನೋಂದಣಿ ಆಗದ ಗಾಡಿಯನ್ನು ಡೀಲರು ಗಿರಾಕಿಗೆ ಒಪ್ಪಿಸುವಂತಿಲ್ಲ. ತಾತ್ಕಾಲಿಕ ನೋಂದಣಿಯಾದರೂ ಆಗಿರಬೇಕು. ಹೊಸ ಗಾಡಿಯ ಜೊತೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು 138ನೇ ನಿಯಮ ಹೇಳುತ್ತದೆ, ಕೇಳಿ ಪಡೆಯಿರಿ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿಮ್ಮ ಸ್ವಂತ ಗಾಡಿಯ ಹಾನಿಗೆ ವಿಮೆ ಎಷ್ಟು ವರ್ಷಕ್ಕಿದೆ ಎಂದು ಬೇರೆಯಾಗಿ ಕೇಳಿರಿ. ವಾರಂಟಿ ಪುಸ್ತಕ, ಎರಡು ಕೀಲಿ, ಹಣ ಕಟ್ಟಿದ ಎಲ್ಲ ರಸೀದಿ ಕೈಗೆ ಬರಬೇಕು.

ಇಷ್ಟಾದ ಮೇಲೆ ಪಿಡಿಐ ಪಟ್ಟಿ ಕೇಳಿ, ಓದಿಸಿಕೊಂಡು, ಆಮೇಲೆ ಸಹಿ ಮಾಡಿರಿ. ಪಟ್ಟಿಯ ಒಂದು ನಕಲು ಅಥವಾ ಫೋಟೋ ನಿಮ್ಮ ಹತ್ತಿರ ಇರಲಿ.

ಮನೆಗೆ ತರುವಾಗ, ತಂದ ಮೇಲೆ

ಶೋರೂಮಿನ ಅಂಗಳದಲ್ಲೇ ಒಂದು ಸುತ್ತು ನಿಧಾನ ಓಡಿಸಿ ಎರಡೂ ಬ್ರೇಕ್ ಹಿಡಿದು ನೋಡಿರಿ. ಗಾಡಿ ಒಂದು ಕಡೆ ಎಳೆಯುತ್ತಿದ್ದರೆ, ಕಟಕಟ ಸದ್ದು ಬಂದರೆ ಅಲ್ಲೇ ಹೇಳಿರಿ. ಹೊಸ ಟೈರು ಮೊದಲು ನುಣುಪಾಗಿರುತ್ತದೆ, ಹೊಸ ಬ್ರೇಕೂ ಪೂರ್ತಿ ಕೂತಿರುವುದಿಲ್ಲ. ಆದ್ದರಿಂದ ಮೊದಲ ನೂರಾರು ಕಿಲೋಮೀಟರ್ ಜೋರಾಗಿ ಓಡಿಸಬಾರದು, ಭಾರ ಹೇರಬಾರದು. ಮನೆಗೆ ಬಂದ ಮೇಲೆ ಮರುದಿನ ಬೆಳಿಗ್ಗೆ ನಟ್ಟು, ಚೈನು, ಆಯಿಲ್ ಇನ್ನೊಮ್ಮೆ ನೋಡಿರಿ.

ಮೊದಲ ಸರ್ವೀಸನ್ನು "ಗಾಡಿ ಚಲೋ ಐತಿ, ಯಾಕ ಮಾಡಸ್ಬೇಕು" ಎಂದು ಬಿಡುವವರು ಬಹಳ. ಸಾಮಾನ್ಯವಾಗಿ ಇದು 500ರಿಂದ 750 ಕಿಲೋಮೀಟರಿಗೆ ಬರುತ್ತದೆ. ಹೊಸ ಭಾಗಗಳು ಉಜ್ಜಿಕೊಂಡು ಕೂರುವಾಗ ಆಯಿಲ್‌ನಲ್ಲಿ ಲೋಹದ ಪುಡಿ ಸೇರುತ್ತದೆ, ಬೋಲ್ಟು ಸಡಿಲಾಗುತ್ತದೆ, ಚೈನು ಹಿಗ್ಗುತ್ತದೆ. ಅವನ್ನೆಲ್ಲ ಸರಿಮಾಡುವುದು ಆಗಲೇ. ಸರ್ವೀಸ್ ತಪ್ಪಿಸಿದರೆ ಮುಂದೆ ವಾರಂಟಿ ಕೇಳುವಾಗ ತೊಂದರೆಯಾಗುತ್ತದೆ.

ತಪ್ಪು ಕಂಡರೆ ಏನು ಮಾಡಬೇಕು?

ಜಗಳ ಬೇಡ, ಬರವಣಿಗೆ ಇರಲಿ. ಒಪ್ಪಿಕೊಳ್ಳುವ ಮುಂಚೆಯೇ ಕಂಡರೆ ಸರಿಮಾಡುವ ತನಕ ಸಹಿ ಮಾಡಬೇಡಿ. ಮನೆಗೆ ತಂದ ಮೇಲೆ ಕಂಡರೆ ಫೋಟೋ ತೆಗೆದು, ಶೋರೂಮಿಗೆ ಒಯ್ದು ಜಾಬ್ ಕಾರ್ಡಿನಲ್ಲಿ ದೋಷವನ್ನು ನಿಮ್ಮ ಮಾತಿನಲ್ಲೇ ಬರೆಸಿ ನಕಲು ಪಡೆಯಿರಿ. ಬ್ರೇಕ್ ಅಥವಾ ಚಕ್ರದ ದೋಷವಾದರೆ ಓಡಿಸಿಕೊಂಡು ಹೋಗಬೇಡಿ, ಅವರನ್ನೇ ಕರೆಸಿರಿ. ಸರಿಹೋಗದಿದ್ದರೆ ಡೀಲರಿಗೂ ಕಂಪನಿಗೂ ಪತ್ರ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಇದಕ್ಕೂ ಬಗ್ಗದಿದ್ದರೆ ಗದಗಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಾಡಿಯನ್ನು ಬೇರೆ ಜಿಲ್ಲೆಯಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವೂ ಇಲ್ಲ. ಇನ್ನೊಂದು ವಿಷಯ ನೆನಪಿಡಿ: ಇದೇ ಕಾಯ್ದೆಯ 86ನೇ ಕಲಮಿನಂತೆ, ವಸ್ತುವನ್ನು ಜೋಡಿಸುವಲ್ಲಿ, ಪರೀಕ್ಷಿಸುವಲ್ಲಿ ಮಾರಾಟಗಾರರು ತಕ್ಕ ಎಚ್ಚರಿಕೆ ವಹಿಸದೆ, ಅದೇ ಕಾರಣದಿಂದ ಗಿರಾಕಿಗೆ ಹಾನಿಯಾದರೆ ಅವರೇ ಹೊಣೆ. "ಅದು ಕಂಪನಿ ತಪ್ಪು, ನಮ್ಮದಲ್ಲ" ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಸಂಘದ ಕೆಲಸ

ಹೊಸ ಗಾಡಿಗೆ ಕೆಲವರು ಸಿಂಗಟಾಲೂರಿನ ವೀರಭದ್ರೇಶ್ವರನ ಗುಡಿಯಲ್ಲಿ ಪೂಜೆ ಮಾಡಿಸುತ್ತಾರೆ, ಕೆಲವರು ಚರ್ಚಿನ ಮುಂದೆ ನಿಲ್ಲಿಸಿ ಫಾದರ್ ಅವರಿಂದ ಆಶೀರ್ವಾದ ಪಡೆಯುತ್ತಾರೆ. ಎರಡೂ ಒಳ್ಳೆಯದೇ. ಆದರೆ ಸಡಿಲಾದ ನಟ್ಟು ಬಿಗಿಯಬೇಕಾದರೆ ಪಾನಾ ಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಸಾಮತಿಯಲ್ಲಿ ತಿಳಿಸಿದ್ದಾರೆ. ದೇವರು ಕೊಟ್ಟ ಕಣ್ಣು ಮತ್ತು ಬುದ್ಧಿಯನ್ನು ಬಳಸುವುದೂ ಅವರಿಗೆ ಸಲ್ಲಿಸುವ ಕೃತಜ್ಞತೆಯೇ.

ಸ್ವಸಹಾಯ ಸಂಘದಿಂದ ಗಾಡಿಗೆ ಸಾಲ ಕೊಡುವಾಗ ಈ ಹತ್ತು ಪರೀಕ್ಷೆಗಳ ಪಟ್ಟಿಯನ್ನೂ ಜೊತೆಗೆ ಕೊಡಿರಿ. ಗಾಡಿ ತರಲು ಮನೆಯ ಹೆಣ್ಣುಮಕ್ಕಳೂ ಹೋಗಲಿ. ಕಂತಿಗೆ ದುಡಿಯುವವರು, ಹಿಂದಿನ ಸೀಟಿನಲ್ಲಿ ಕೂಡುವವರು ಅವರೂ ಹೌದು.

ಸಭೆಯಲ್ಲಿ ಚರ್ಚಿಸಿರಿ:

1. ನಮ್ಮ ಊರಿನಲ್ಲಿ ಕಳೆದ ಒಂದು ವರ್ಷದಲ್ಲಿ ಹೊಸ ಗಾಡಿ ಕೊಂಡವರು ಎಷ್ಟು ಜನ? ಪಿಡಿಐ ಪಟ್ಟಿ ಓದಿ ಸಹಿ ಮಾಡಿದವರು ಎಷ್ಟು?

2. ಗಾಡಿ ನೋಡಲು ಜೊತೆಗೆ ಬರಬಲ್ಲ, ರಿಪೇರಿ ತಿಳಿದ ಇಬ್ಬರು ನಮ್ಮಲ್ಲಿ ಯಾರಿದ್ದಾರೆ?

3. ಸೀರೆ ಗಾರ್ಡ್ ಬಿಚ್ಚಿಸಿದ ಗಾಡಿಗಳು ಎಷ್ಟಿವೆ? ಯಾವಾಗ ಮತ್ತೆ ಹಾಕಿಸೋಣ?

ಚರ್ಚೆ ಮುಗಿದ ಮೇಲೆ ಎಲ್ಲರೂ ಹೊರಗೆ ಬಂದು, ಸಭೆಗೆ ಬಂದ ಗಾಡಿಗಳ ಚಕ್ರದ ನಟ್ಟು, ಚೈನು, ಸೀರೆ ಗಾರ್ಡ್ ಈ ಮೂರನ್ನು ಅಲ್ಲೇ ನೋಡಿರಿ. ಹತ್ತು ನಿಮಿಷದ ಕೆಲಸ, ನಾಳೆಗೆ ಇಡಬೇಡಿ.