ಏನನ್ನೂ ಹೊರದ ಕಂಬಗಳು

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾಲ್ಕು ಕಂಬಗಳಿವೆ. ಒಂದೂ ಏನನ್ನೂ ಹೊತ್ತಿಲ್ಲ. ತಾರಸಿಯ ಭಾರವೆಲ್ಲ ಗೋಡೆಗಳದ್ದು. ಕಂಬಗಳು ಆ ಗೋಡೆಗೆ ಬೆನ್ನು ಕೊಟ್ಟು, ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಸುಮ್ಮನೆ ನಿಂತಿವೆ. ಅವನ್ನು ಮಾಡಿದವನು ನಾನು. ಬಡಗಿಯಲ್ಲ, ಬ್ಯಾಂಕಿನಿಂದ ನಿವೃತ್ತನಾದವನು.

ಮಗ ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಅವನ 12ಕ್ಕೆ 18 ಅಡಿಯ ಕೋಣೆ ಖಾಲಿ ಬಿದ್ದಿತ್ತು. ಪ್ರೊಜೆಕ್ಟರ್ ತಂದೆ, ಪರದೆ ಬಿಟ್ಟೆ, ಸ್ಪೀಕರ್ ಇಟ್ಟೆ. ಸಿನಿಮಾ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಟಾಕೀಸಿಗೆ ಹೋದ ಹಾಗೆ ಆಗುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಹೋಗುತ್ತಿದ್ದ ಟಾಕೀಸಿನಲ್ಲಿ ಪರದೆಯ ಎರಡೂ ಬದಿಗೆ ಉದ್ದುದ್ದ ತೋಡು ಕೊರೆದ ಕಂಬಗಳಿದ್ದವು. ಬೆಲ್ ಹೊಡೆದು ದೀಪ ಒಂದೊಂದಾಗಿ ಆರುವಾಗ ಕೊನೆಗೆ ಕಣ್ಮರೆಯಾಗುತ್ತಿದ್ದದ್ದು ಆ ತೋಡುಗಳು. ನನಗೆ ಬೇಕಾಗಿದ್ದದ್ದು ಅದು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪ್ಯಾನೆಲ್ಲು, ಕಲ್ಯಾಣ ಮಂಟಪದ ಥರ್ಮಾಕೋಲ್ ಕಂಬ ಎರಡನ್ನೂ ನೋಡಿ ಬಂದೆ. ನಾನೇ ಮಾಡುತ್ತೇನೆ ಅಂದೆ. ಮನೆಯವಳು ಏನೂ ಅನ್ನಲಿಲ್ಲ. ಅಲ್ಲೇ ಎಚ್ಚರಾಗಬೇಕಿತ್ತು.

ಗುಂಡು ಕಂಬ ನನ್ನ ಕೈಗೆ ಮೀರಿದ್ದು ಎಂದು ಮೊದಲೇ ಗೊತ್ತಿತ್ತು. ಹಾಗಾಗಿ ಗೋಡೆಗೆ ಅಂಟಿದಂತೆ ಕಾಣುವ ಚಪ್ಪಟೆ ಕಂಬ: ಮುಂದಿನ ಮುಖ 240 ಮಿಲಿಮೀಟರ್, ಬದಿಗಳು 120, ಒಳಗೆ ಪೊಳ್ಳು. ಹಲಗೆ 18 ಮಿಲಿಮೀಟರ್ ದಪ್ಪದ ಎಂಡಿಎಫ್. ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡುವುದರಿಂದ ಅದಕ್ಕೆ ಎಳೆಯಿಲ್ಲ, ಗಂಟಿಲ್ಲ. ಕೊರೆಯುವ ಮಿಷಿನ್ನು ಅಡ್ಡಾದಿಡ್ಡಿ ಎಳೆಯುವುದಿಲ್ಲ. ತೂಕ ಮಾತ್ರ ವಿಪರೀತ. 8ಕ್ಕೆ 4 ಅಡಿಯ ಒಂದು ಹಾಳೆ ಸುಮಾರು 40 ಕಿಲೋ. ಮಹಡಿಗೆ ಹತ್ತಿಸುವಾಗ ಮೆಟ್ಟಿಲ ತಿರುವಿನಲ್ಲಿ ಅದು ನನ್ನನ್ನೂ ಪಕ್ಕದ ಮನೆ ಹುಡುಗನನ್ನೂ ಐದು ನಿಮಿಷ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಗೋಡೆ 10 ಅಡಿ, ಹಾಳೆ 8 ಅಡಿ. ಮಿಕ್ಕ ಎರಡಡಿಯನ್ನು ಪೀಠಕ್ಕೊಂದು, ತಲೆಗೊಂದು ಹಂಚಿದೆ.

ತೋಡು ಹೊಡೆಯಲು ರೂಟರ್ ಬೇಕು. ಇಂಟರ್ನೆಟ್ಟಿನದಲ್ಲ, ಬಡಗಿಗಳ ಮಿಷಿನ್ನು. ತುದಿ ಗುಂಡಗಿರುವ 16 ಮಿಲಿಮೀಟರಿನ ಬಿಟ್ ಹಾಕಿದರೆ ಅರ್ಧ ಕೊಳವೆಯಂಥ ತೋಡು ಬರುತ್ತದೆ. ಮುಖದ ಮೇಲೆ ಎಷ್ಟು ತೋಡು? ಆಸೆ ಜಾಸ್ತಿ, ಒಂಬತ್ತು ಎಳೆದೆ. ನಡುವೆ ಉಳಿದದ್ದು ನಾಲ್ಕೇ ಮಿಲಿಮೀಟರ್. ಮೂರನೆಯ ತೋಡು ಮುಗಿಯುವಷ್ಟರಲ್ಲಿ ನಡುವಿನ ಪಟ್ಟಿ ಒಣಗಿದ ರೊಟ್ಟಿಯ ಅಂಚಿನ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಆಮೇಲೆ ಓದಿ ತಿಳಿದುಕೊಂಡೆ: ಗ್ರೀಕರ ಡೋರಿಕ್ ಕಂಬಕ್ಕೆ ಸಾಮಾನ್ಯವಾಗಿ 20 ತೋಡು, ತೋಡಿಗೂ ತೋಡಿಗೂ ನಡುವೆ ಚೂಪು ಏಣು ಮಾತ್ರ. ಅಯಾನಿಕ್ ಕಂಬಕ್ಕೆ 24, ನಡುವೆ ಕಿರಿದಾದ ಚಪ್ಪಟೆ ಪಟ್ಟಿ. ಚೂಪು ಏಣನ್ನು ಅಮೃತಶಿಲೆ ತಾಳಿಕೊಳ್ಳುತ್ತದೆ, ಎಂಡಿಎಫ್ ತಾಳದು. ಕೊನೆಗೆ ಏಳು ತೋಡು, ನಡುವೆ 8 ಮಿಲಿಮೀಟರಿನ ಪಟ್ಟಿ, ಎರಡೂ ಅಂಚಿಗೆ 40 ಮಿಲಿಮೀಟರ್ ಖಾಲಿ. ಕೂಡಿದರೆ ಸರಿಯಾಗಿ 240. ಈ ಲೆಕ್ಕ ಹಾಕಲು ಒಂದು ಹಲಗೆ ಬಲಿಯಾಯಿತು.

ಎರಡನೆಯ ಹಲಗೆ ಬಲಿಯಾಗುವುದನ್ನು ತಪ್ಪಿಸಿದವರು ನಮ್ಮ ಬೀದಿಯ ಆಚಾರ್ರು. ಸದ್ದು ಕೇಳಿ, ನಾನು ಕೊರೆಯುತ್ತಿದ್ದ ತಾರಸಿಗೇ ಬಂದರು. ನಾನು ಪೆನ್ಸಿಲ್ ಗುರುತು ನೋಡಿಕೊಂಡು ತೋಡು ನಿಲ್ಲಿಸುತ್ತಿದ್ದೆ. ಒಂದೊಂದು ಒಂದೊಂದು ಕಡೆ ನಿಂತಿತ್ತು.

“ಸಾರ್, ಕೊರೆಯೋದು ಮಿಷಿನ್ನೇ ಕೊರೀತದೆ. ನಿಲ್ಸೋದು ನೀವು. ಎರಡೂ ತುದೀಲಿ ಒಂದೊಂದು ಕಟ್ಟೆ ಬಡ್ಕೊಳಿ” ಎಂದರು.

ಎರಡು ತುದಿಗೂ ಒಂದೊಂದು ರೀಪರ್ ತುಂಡು ಕ್ಲಾಂಪು ಹಾಕಿ ಬಿಗಿದೆವು. ಮಿಷಿನ್ನು ಹೋಗಿ ಅದಕ್ಕೆ ತಾಗಿತು, ನಿಂತಿತು. ಏಳೂ ತೋಡು ಒಂದೇ ಗೆರೆಯಲ್ಲಿ ಮುಗಿದವು. 8 ಮಿಲಿಮೀಟರ್ ಆಳವನ್ನು ಒಂದೇ ಸಲಕ್ಕೆ ಇಳಿಸಬೇಡಿ, ಎರಡು ಸಲ ಹೋಗಿ ಎಂದೂ ಹೇಳಿದರು. ಒಂದೇ ಸಲ ಇಳಿಸಿದ ಕಡೆ ಹಲಗೆ ಸುಟ್ಟು ಕಂದಾಗಿತ್ತು, ಕೊನೆಯಲ್ಲಿ ತಡೆದು ನಿಂತರಂತೂ ಸುಡುವುದು ಗ್ಯಾರಂಟಿ.

ಧೂಳಿನ ವಿಷಯ ಹೇಳಲೇಬೇಕು. ಎಂಡಿಎಫ್ ಧೂಳು ಮರದ ಹೊಟ್ಟಿನ ಹಾಗಲ್ಲ, ಮೈದಾ ಹಿಟ್ಟಿನಂತೆ ನುಣುಪು; ಅದರಲ್ಲಿರುವ ಅಂಟು ಎದೆಗೆ ಒಳ್ಳೆಯದಲ್ಲ. ನಾನು ಮಾಸ್ಕ್ ಹಾಕಿದ್ದೆ. ತಾರಸಿಯ ಆಚೆ ಮೂಲೆಯಲ್ಲಿ ಒಣಗುತ್ತಿದ್ದ ಸಂಡಿಗೆಗೆ ಯಾರೂ ಮಾಸ್ಕ್ ಹಾಕಿರಲಿಲ್ಲ. “ರೀ, ಸಂಡಿಗೆಗೆ ಗರಂ ಮಸಾಲೆ ಹಾಕಿದ್ದು ಯಾರು?” ಎಂಬ ಪ್ರಶ್ನೆಗೆ ಉತ್ತರವಾಗಿ ಎರಡು ಸೇರು ಅಕ್ಕಿಯ ಸಂಡಿಗೆಯನ್ನು ಮತ್ತೆ ಹಾಕಿಸಿಕೊಡಬೇಕಾಯಿತು.

ಗೋಡೆ ನೆಟ್ಟಗಿರುತ್ತದೆ ಎಂದು ನಂಬಿದ್ದೆ. ತೂಕದ ಗುಂಡು ಬಿಟ್ಟು ನೋಡಿದರೆ ಎಂಟಡಿಯಲ್ಲಿ 9 ಮಿಲಿಮೀಟರ್ ವಾಲಿತ್ತು. ಬರೀ ಗೋಡೆಯಿದ್ದಾಗ ಕಾಣದ ವಾಲು ನೆಟ್ಟಗಿನ ತೋಡು ಪಕ್ಕಕ್ಕೆ ಬಂದ ಕೂಡಲೇ ಎದ್ದು ಕಂಡಿತು. ಹಿಂದೆ ಪ್ಲೈವುಡ್ ಚೂರಿನ ಪ್ಯಾಕಿಂಗ್ ಕೊಟ್ಟು ನಿಲ್ಲಿಸಿದ್ದಾಯಿತು.

ತೋಡು ಬಣ್ಣ ಕುಡಿಯುತ್ತದೆ. ಹಲಗೆಯ ಮೇಲ್ಮೈಗೆ ಎರಡು ಕೈ ಪ್ರೈಮರ್ ಸಾಕು, ಕೊರೆದ ಜಾಗ ನಾಲ್ಕು ಕೈ ಕುಡಿದೂ ಒರಟಾಗಿಯೇ ಇತ್ತು. ನೀರು ಬೆರೆಸಿದ ಫೆವಿಕಾಲನ್ನು ತೆಳ್ಳಗೆ ಬಳಿದು ಒಣಗಿಸಿ, ಖಾಲಿಯಾದ ಮಾರ್ಕರ್ ಪೆನ್ನಿಗೆ ಉಪ್ಪುಕಾಗದ ಸುತ್ತಿ ಉಜ್ಜಿದ ಮೇಲೆ ಹಿಡಿತಕ್ಕೆ ಬಂತು. ಇಪ್ಪತ್ತೆಂಟು ತೋಡು, ಒಂದೊಂದೂ ಸುಮಾರು ಏಳಡಿ. ಒಂದು ವಾರ ಹೆಬ್ಬೆರಳು ಮಡಚಲಾಗಲಿಲ್ಲ.

ತೋಡಿದ್ದರೆ ಸದ್ದು ಹರಡಿ ಚೆನ್ನಾಗಿ ಕೇಳುತ್ತದೆ ಎಂದು ಯಾರೋ ಹೇಳಿದ್ದರು. ಸುಳ್ಳು. 1000 ಹರ್ಟ್ಸ್ ಸದ್ದಿನ ಅಲೆಯೇ ಸುಮಾರು 34 ಸೆಂಟಿಮೀಟರ್ ಉದ್ದ. 8 ಮಿಲಿಮೀಟರ್ ತೋಡು ಅದಕ್ಕೆ ಲೆಕ್ಕಕ್ಕಿಲ್ಲ. ಪೊಳ್ಳು ಕಂಬ ಮಾತ್ರ ಸದ್ದು ಕೆಡಿಸುತ್ತದೆ. ಮೊದಲ ಸಿನಿಮಾದಲ್ಲೇ ಗುಡುಗಿನ ದೃಶ್ಯ ಬಂದಾಗ ಕಂಬಗಳೂ ತಮಟೆಯ ಹಾಗೆ ಗುಂಯ್‌ಗುಟ್ಟಿದವು. ನಾಲ್ಕನ್ನೂ ಬಿಚ್ಚಿ ಒಳಗೆ ರಾಕ್‌ವೂಲ್ ತುಂಬಿದೆ. ಹಿಂದಿನ ಎರಡು ಕಂಬಗಳೊಳಗೆ ಸ್ಪೀಕರ್ ಇವೆ. ಒಂದಕ್ಕೆ ವೈರ್ ಎಳೆಯುವುದನ್ನೇ ಮರೆತು ಮುಚ್ಚಿದ್ದೆ, ಹಾಗಾಗಿ ಬಿಚ್ಚಿದ್ದು ಒಳ್ಳೆಯದೇ ಆಯಿತು.

ಇಷ್ಟೆಲ್ಲ ಆದ ಮೇಲೆ ಅಸಲು ತಪ್ಪು ಗೊತ್ತಾಯಿತು. ನಮ್ಮದು ಅರಮನೆಯ ಊರು, ಇಲ್ಲಿಯವರಿಗೆ ಕಂಬ ಎಂದರೆ ಕೆನೆಬಣ್ಣ. ನಾನೂ ಅದನ್ನೇ ಬಳಿದಿದ್ದೆ. ಸಿನಿಮಾ ಶುರುವಾದರೆ ಪರದೆಯ ಬೆಳಕು ಕಂಬಕ್ಕೆ ಬಡಿದು ನಾಲ್ಕೂ ಟ್ಯೂಬ್‌ಲೈಟಿನ ಹಾಗೆ ಹೊಳೆಯುತ್ತಿದ್ದವು. ಹೊಳಪಿಲ್ಲದ ಕಡುಕಂದು ಬಳಿದೆ. ಹೊಳೆಯುವುದು ನಿಂತಿತು, ಜೊತೆಗೆ ತೋಡುಗಳೂ ಹೋದವು. ದೀಪ ಹಾಕಿದರೂ ಚಪ್ಪಟೆ ಹಲಗೆ ನಿಲ್ಲಿಸಿದ ಹಾಗೆ ಕಾಣುತ್ತಿತ್ತು. ಕಂಬದ ನೆತ್ತಿಯ ಮೇಲೇ ಫಾಲ್ಸ್ ಸೀಲಿಂಗಿನ ದೀಪ ಇಟ್ಟಿದ್ದೆ, ಬೆಳಕು ತೋಡಿನ ಉದ್ದಕ್ಕೇ ನೇರ ಇಳಿದುಹೋಗುತ್ತಿತ್ತು. ನೆರಳು ಬೀಳಲು ಅಡ್ಡ ಬರುವುದೇನೂ ಇರಲಿಲ್ಲ.

ಆ ತಿಂಗಳು ನೆಂಟರನ್ನು ಕರೆದುಕೊಂಡು ಸೋಮನಾಥಪುರಕ್ಕೆ ಹೋಗಿದ್ದೆವು. ಹೊಯ್ಸಳರ ಆ 13ನೇ ಶತಮಾನದ ಗುಡಿಯಲ್ಲಿ ಬಳಪದ ಕಲ್ಲಿನ ಕಂಬಗಳು ತಿರುಗಣೆಗೆ ಕೊಟ್ಟು ಕಡೆದಂಥವು. ಗೀರುಗಳೆಲ್ಲ ಅಡ್ಡಕ್ಕೆ, ಬಳೆ ತೊಡಿಸಿದ ಹಾಗೆ. ಒಳಗೆ ಕತ್ತಲೆ. ಫೋನಿನ ಟಾರ್ಚನ್ನು ಕಂಬದ ಮೇಲಿನಿಂದ ಕೆಳಕ್ಕೆ ಹಿಡಿದೆ, ಒಂದೊಂದು ಬಳೆಯೂ ನೆರಳು ಕಟ್ಟಿತು. ಪಕ್ಕದಿಂದ ಹಿಡಿದೆ, ಬಳೆಗಳು ಮಂಕಾದವು. ನನ್ನ ಕಂಬಗಳ ಗೀರು ಉದ್ದಕ್ಕೆ. ಅವಕ್ಕೆ ಬೆಳಕು ಪಕ್ಕದಿಂದಲೇ ಬೀಳಬೇಕು.

ಮನೆಗೆ ಬಂದು ದೀಪಗಳನ್ನು ನೆತ್ತಿಯಿಂದ ತೆಗೆಸಿ ಒಂದೂವರೆ ಅಡಿ ಪಕ್ಕಕ್ಕೆ, ಓರೆಯಾಗಿ ಹಾಕಿಸಿದೆ. ಸ್ವಿಚ್ ಒತ್ತಿದಾಗ ಏಳು ತೋಡಿಗೆ ಏಳು ನೆರಳು.

ಒಂದು ಪೀಠ ನೆಲ ಒರೆಸುವ ನೀರು ಕುಡಿದು ಉಬ್ಬಿದೆ. ಎಂಡಿಎಫ್ ಅನ್ನು ನೆಲಕ್ಕೆ ತಾಗಿಸಬಾರದಿತ್ತು. ಬದಲಾಯಿಸಬೇಕು, ಇನ್ನೂ ಆಗಿಲ್ಲ. ದೀಪಕ್ಕೆ ಡಿಮ್ಮರ್ ಇದೆ. ಸಿನಿಮಾ ಶುರುವಾಗುವ ಮುಂಚೆ ನಾನೇ ಮೆಲ್ಲಗೆ ತಿರುಗಿಸುತ್ತೇನೆ, ತೋಡುಗಳು ಕೊನೆಗೆ ಕಾಣೆಯಾಗುತ್ತವೆ. ಆಮೇಲೆ ಕತ್ತಲೆಯಲ್ಲಿ ಕಂಬ ಯಾರಿಗೂ ಕಾಣುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಎಲ್ಲ ಸಿನಿಮಾಕ್ಕೂ, ಒಂದೂವರೆ ಗಂಟೆಯ ಇಂಗ್ಲಿಷ್ ಸಿನಿಮಾಕ್ಕೂ, ಹತ್ತು ನಿಮಿಷ ಇಂಟರ್ವಲ್ ಇದೆ.