ಏರ್‌ಕೂಲ್ಡ್ ಕಾರಿಗೆ ಮುಂಗಡ ಕೊಡುವ ಮುನ್ನ

ಕೋಲ್ಕತ್ತಕ್ಕೆ ತೆರೆದ ಕಾರಿನ ಗೀಳು ಹಳೆಯದು. 1910ರಲ್ಲೇ ಮ್ಯಾಥ್ಯೂಸನ್ ಎಂಬ ಅಲ್ಲಿನ ಸಾಹೇಬನೊಬ್ಬ ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಹಂಸದ ಆಕಾರದ ಕಾರು ಮಾಡಿಸಿ ತರಿಸಿದ್ದ. ದಾರಿಯಲ್ಲಿ ಅಡ್ಡ ಬಂದವರ ಮೇಲೆ ಅದರ ಕೊಕ್ಕಿನಿಂದ ಹಬೆ ಚಿಮ್ಮುತ್ತಿತ್ತು! ಆ ಕಾರು ಈಗ ನೆದರ್ಲೆಂಡ್ಸಿನ ಲೌಮನ್ ಮ್ಯೂಸಿಯಂನಲ್ಲಿದೆ. ‘ದಿ ಸ್ಟೇಟ್ಸ್‌ಮನ್’ ಪತ್ರಿಕೆ 1968ರಲ್ಲಿ ಆ ಊರಿನಲ್ಲಿ ಶುರುಮಾಡಿದ ಹಳೆಯ ಕಾರುಗಳ ರ‍್ಯಾಲಿಗೆ ಇಂದಿಗೂ ಜನ ಮುಗಿಬೀಳುತ್ತಾರೆ. ಅಲ್ಲಿಗೆ ಹೋದ ಹೊಸಬರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ಕಾರಿಗೆ ಬೆಲೆ ಎಷ್ಟು? ಇಷ್ಟು ಬೆಲೆ ಯಾಕೆ ಎಂದು ಕೇಳಿದರೆ ಕಲಿಯುವುದು ಹೆಚ್ಚು. ಈ ಲೇಖನ ಆ ಎರಡನೆಯ ಪ್ರಶ್ನೆಯದು. ಅದರಲ್ಲೂ ಈಗ ಬೆಲೆ ಏರಿರುವ ಒಂದು ಜಾತಿಯ ಕಾರಿನದು: ಮೇಲ್ಛಾವಣಿ ಮಡಚಬಹುದಾದ, ಹೆಚ್ಚು ಓಡಿಲ್ಲದ, ಏರ್‌ಕೂಲ್ಡ್ ಕಾರು.

ಮೊದಲು ಎಂಜಿನ್. ಸಾಮಾನ್ಯ ಕಾರಿನ ಎಂಜಿನ್ನಿನೊಳಗೆ ನೀರು ಸುತ್ತುತ್ತದೆ. ಬಿಸಿಯಾಗಿ ರೇಡಿಯೇಟರಿಗೆ ಹೋಗಿ ತಣಿದು ಮರಳುತ್ತದೆ. ಏರ್‌ಕೂಲ್ಡ್ ಎಂಜಿನ್ನಿಗೆ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಮನೆಯ ಮುಂದೆ ನಿಂತ ಬುಲೆಟ್ ಬೈಕಿನ ಎಂಜಿನ್ ನೋಡಿ: ಸಿಲಿಂಡರಿನ ಸುತ್ತ ಲೋಹದ ತೆಳು ಪಟ್ಟಿಗಳಿವೆಯಲ್ಲ, ಇಲ್ಲಿಯೂ ಅವೇ. ಕಾರಿನಲ್ಲಿ ಒಂದು ಫ್ಯಾನು ಅವುಗಳ ಮೇಲೆ ಗಾಳಿ ನೂಕುತ್ತದೆ. ಉಳಿದ ಕಾವನ್ನು ಎಂಜಿನ್ ಆಯಿಲ್ ಹೊತ್ತೊಯ್ಯುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಹೀಗೆ ಓಡಿತು. 1948ರ ಪೋರ್ಷೆ 356, ಆಮೇಲಿನ 911 ಕೂಡ ಹೀಗೆಯೇ. ಹೊಗೆ ಮತ್ತು ಸದ್ದಿನ ನಿಯಮಗಳು ಬಿಗಿಯಾದಂತೆ ಈ ವಿಧಾನಕ್ಕೆ ಉಳಿಗಾಲವಿಲ್ಲದಾಯಿತು. 1998ರಲ್ಲಿ ಪೋರ್ಷೆ ಕೊನೆಯ ಏರ್‌ಕೂಲ್ಡ್ 911 ತಯಾರಿಸಿ ನಿಲ್ಲಿಸಿತು. ಅಂದರೆ ಇಂಥ ಕಾರು ಇನ್ನು ಹುಟ್ಟುವುದಿಲ್ಲ. ಕೊಳ್ಳಬಯಸುವವರು ಮಾತ್ರ ಹುಟ್ಟುತ್ತಲೇ ಇದ್ದಾರೆ. 2010ರ ನಂತರದ ಕೆಲವು ವರ್ಷಗಳಲ್ಲಿ ಇವುಗಳ ಬೆಲೆ ಕಡಿದಾಗಿ ಏರಿದ್ದರ ಹಿಂದೆ ಇದೇ ಮುಖ್ಯ ಕಾರಣ.

ಮಡಚುವ ಛಾವಣಿಯದು ಇನ್ನೂ ಅಪರೂಪ. 911ಕ್ಕೆ ಕಾರ್ಖಾನೆಯಿಂದಲೇ ಪೂರ್ತಿ ತೆರೆಯುವ ಛಾವಣಿ ಬಂದದ್ದು 1982ರ ಹೊತ್ತಿಗೆ. ಯುರೋಪಿನಲ್ಲಿ ಇಂಥ ಕಾರು ಬೇಸಿಗೆಯ ಷೋಕಿ. ಚಳಿಗಾಲವಿಡೀ ಶೆಡ್ಡಿನಲ್ಲಿ ಮಲಗಿರುತ್ತದೆ. ಆದ್ದರಿಂದಲೇ ಕಡಿಮೆ ಓಡಿದವು ಅಲ್ಲಿ ಇಂದಿಗೂ ಸಿಗುತ್ತವೆ, ಸಿಕ್ಕಾಗ ಹರಾಜಿನಲ್ಲಿ ಕೈಗಳು ಮೇಲೇಳುತ್ತವೆ.

ಹಾಗಾದರೆ ಕಡಿಮೆ ಓಡಿದ್ದೇ ಬೆಲೆಯ ಮೂಲವೇ? ಪೂರ್ತಿ ಅಲ್ಲ. ಗಾಯಕಿ ಜಾನಿಸ್ ಜಾಪ್ಲಿನ್ 1968ರಲ್ಲಿ 3,500 ಡಾಲರಿಗೆ ಕೊಂಡ, ಮೈತುಂಬ ಚಿತ್ರ ಬರೆಸಿದ, 1964ರ ಪೋರ್ಷೆ 356 ಕ್ಯಾಬ್ರಿಯೊಲೆ 2015ರ ಹರಾಜಿನಲ್ಲಿ 17.6 ಲಕ್ಷ ಡಾಲರಿಗೆ ಹೋಯಿತು. ಆಕೆ ಅದನ್ನು ಊರೆಲ್ಲ ಸುತ್ತಿಸಿದ್ದಳು. ಅಲ್ಲಿ ಬೆಲೆ ಸಿಕ್ಕಿದ್ದು, ಕಾರು ಯಾರದೆಂದು ದಾಖಲೆಯಿಂದ ತೋರಿಸಬಲ್ಲ ಕಥೆಗೆ. ಕಡಿಮೆ ಓಡಿದ ಕಾರಿಗೂ ಅದೇ ನ್ಯಾಯ: ಮೀಟರಿನ ಅಂಕಿಗೆ ಕಾಗದದ ಆಧಾರ ಬೇಕು.

ಇಲ್ಲಿ ಹೊಸಬರು ಎಡವುತ್ತಾರೆ, ಸ್ವಲ್ಪ ನಿಧಾನಿಸೋಣ. ಹಳೆಯ ಬೀಟಲ್‌ನ ಮೀಟರಿನಲ್ಲಿ ಐದೇ ಅಂಕಿ. 99,999 ಮುಗಿದ ಮೇಲೆ ಮತ್ತೆ ಸೊನ್ನೆ. 23,000 ಎಂದು ಕಂಡರೆ ಅದು 1,23,000 ಇರಬಹುದು, ಇನ್ನೊಂದು ಸುತ್ತೂ ಹೋಗಿರಬಹುದು. ಮಾರುವವರು ಸುಳ್ಳು ಹೇಳುತ್ತಿರಬೇಕೆಂದೂ ಇಲ್ಲ. ಅವರಿಗೂ ಹಾಗೇ ಹೇಳಿ ಮಾರಿರುತ್ತಾರೆ. ಮೀಟರ್ ಬಿಟ್ಟು ಪೆಡಲಿನ ರಬ್ಬರ್ ನೋಡಿ, ಚಾಲಕನ ಬದಿಯ ಸೀಟಿನ ಅಂಚು ನೋಡಿ, ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿ ಕೀಲು ಅಲುಗುತ್ತದೆಯೇ ನೋಡಿ. ಹಳೆಯ ಸರ್ವಿಸ್ ಬಿಲ್ಲುಗಳಿದ್ದರೆ ಅವುಗಳಲ್ಲಿ ಬರೆದ ಕಿಲೋಮೀಟರುಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಅವು ಏರುತ್ತಲೇ ಹೋಗಬೇಕು.

ಕೋಲ್ಕತ್ತದಲ್ಲಿ ಇನ್ನೊಂದು ತೊಡಕಿದೆ. ಆ ಊರಿನ ತೇವಕ್ಕೆ ನಿಂತ ಕಾರೇ ಹೆಚ್ಚು ಹಾಳು. ಓಡದೆ ನಿಂತರೆ ಪೆಟ್ರೋಲ್ ಟ್ಯಾಂಕಿಗೆ ತುಕ್ಕು, ಬ್ರೇಕ್ ಸಿಲಿಂಡರ್ ಜಾಮ್, ಕ್ಯಾನ್ವಾಸ್ ಛಾವಣಿಗೆ ಬೂಷ್ಟು. ಮಳೆಗಾಲದಲ್ಲಿ ಬೀದಿ ಕೆರೆಯಾದಾಗ ಕಾರಿನ ತಳದ ತಗಡು ಒಳಗಿಂದಲೇ ಕರಗುತ್ತದೆ. ಹಾಗೆಂದು ದಿನವೂ ಓಡಿಸಿದರೆ ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಆಯಿಲ್ ಕುದಿಯುತ್ತದೆ. ನನ್ನನ್ನು ಕೇಳಿದರೆ, ವಾರಕ್ಕೊಮ್ಮೆ ಬೆಳಗಿನ ಹೊತ್ತು ಓಡಿಸಿದ 80,000 ಕಿಲೋಮೀಟರಿನ ಕಾರು, ಇಪ್ಪತ್ತು ವರ್ಷ ಮುಸುಕು ಹೊದ್ದ 20,000ದ್ದಕ್ಕಿಂತ ಮೇಲು. ಮಾರುಕಟ್ಟೆ ಹಾಗೆ ಯೋಚಿಸುವುದಿಲ್ಲ, ಅದು ಬೇರೆ ಮಾತು. ಬಿಡಿಭಾಗಗಳ ಖರ್ಚನ್ನೂ ಮರೆಯಬೇಡಿ. ಪಕ್ಕದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರಿಗೆ ಕೋಲ್ಕತ್ತದ ಮಲ್ಲಿಕ್ ಬಜಾರಿನಲ್ಲಿ ಹುಡುಕಿದರೆ ಏನಾದರೂ ಸಿಗುತ್ತದೆ. ಪೋರ್ಷೆಯ ಭಾಗಕ್ಕೆ ಜರ್ಮನಿಯೇ ಗತಿ.

ನಮ್ಮ ದೇಶದಲ್ಲಿ ಇಂಥ ಕಾರು ಮೊದಲಿಂದಲೂ ಕಡಿಮೆ. ದಶಕಗಳ ಕಾಲ ವಿದೇಶಿ ಕಾರು ತರಿಸುವುದಕ್ಕೆ ಬಿಗಿ ಕಟ್ಟುಪಾಡಿತ್ತು. ದೂತಾವಾಸದವರು ಬಿಟ್ಟುಹೋದವು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಕೈಬದಲಾಗುತ್ತಿದ್ದವು. ವಿಂಟೇಜ್ ಲೆಕ್ಕದಲ್ಲಿ ತರಿಸಬೇಕೆಂದರೆ ಕಾರು 1950ಕ್ಕೆ ಮೊದಲಿನದಾಗಿರಬೇಕಿತ್ತು. 2025ರಲ್ಲಿ ಅದನ್ನು ಸಡಿಲಿಸಿ 50 ವರ್ಷ ದಾಟಿದವಕ್ಕೆ ಅವಕಾಶ ಕೊಟ್ಟರು. ಹೀಗೆ 356 ಮತ್ತು ಆರಂಭದ 911ಗಳಿಗೆ ಬಾಗಿಲು ತೆರೆದಿದೆ. ಆದರೆ ಸುಂಕ, ತೆರಿಗೆ ಸೇರಿದರೆ ಬೆಲೆ ದುಪ್ಪಟ್ಟನ್ನೂ ಮೀರುತ್ತದೆ. ಹಾಗಾಗಿ ಹೆಚ್ಚಿನವರ ಕಣ್ಣು ಇಲ್ಲೇ ಇರುವ ಬೀಟಲ್ ಮೇಲೆ.

ಅಲ್ಲಿಯೂ ಒಂದು ಮೋಸವಿದೆ. ಅಸಲಿ ತೆರೆದ ಬೀಟಲ್‌ಗಳನ್ನು ಜರ್ಮನಿಯ ಕಾರ್ಮನ್ ಕಂಪನಿ 1949ರಿಂದ 1980ರವರೆಗೆ ಕಟ್ಟಿತು, ಛಾವಣಿ ಇಲ್ಲದ ಕೊರತೆ ತುಂಬಲು ಕೆಳಭಾಗವನ್ನು ಗಟ್ಟಿಗೊಳಿಸಿತು. ನಮ್ಮ ಗ್ಯಾರೇಜುಗಳಲ್ಲಿ ಮಾಮೂಲಿ ಬೀಟಲ್‌ನ ತಲೆ ಕತ್ತರಿಸಿ ‘ಕನ್ವರ್ಟಿಬಲ್’ ಮಾಡಿದ್ದೂ ಉಂಟು. ಅದರ ಬಾಗಿಲು ಕ್ರಮೇಣ ಜೋಲುತ್ತದೆ. ಪತ್ತೆ ಸುಲಭ. 1964ರ ಆಗಸ್ಟ್ ನಂತರದ ಕಾರುಗಳಲ್ಲಿ ಚಾಸಿ ನಂಬರಿನ ಮೊದಲ ಎರಡು ಅಂಕಿ 15 ಇದ್ದರೆ ಕಾರ್ಖಾನೆಯ ತೆರೆದ ಕಾರು, 11 ಇದ್ದರೆ ಮಾಮೂಲಿ. ಅಸಲಿಯೋ ಕತ್ತರಿಸಿದ್ದೋ ಎಂಬುದು ಬರೀ ಅಭಿರುಚಿಯ ಪ್ರಶ್ನೆಯಲ್ಲ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ಆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಆದ್ದರಿಂದ ಕಾರು ಮನಸ್ಸಿಗೆ ಹಿಡಿಸಿದ ದಿನವೇ ಹಣ ಎಣಿಸಬೇಡಿ. ಚಾಸಿ ನಂಬರನ್ನು ಕೈಯಾರೆ ಬರೆದುಕೊಳ್ಳಿ, ಆರ್‌ಸಿ ಜೊತೆ ತಾಳೆ ನೋಡಿ, ಆಮೇಲೆ ವೋಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಮ್ಯೂಸಿಯಂಗೆ ಬರೆಯಿರಿ. ಶುಲ್ಕ ಕಟ್ಟಿದರೆ ಅವರು ಕಾರಿನ ಜನನಪತ್ರ ಕಳಿಸುತ್ತಾರೆ: ಯಾವತ್ತು ತಯಾರಾಯಿತು, ಯಾವ ಬಣ್ಣದಲ್ಲಿ, ಎಲ್ಲಿಗೆ ಹೊರಟಿತು. ಅದು ಬರುವವರೆಗೆ ಕಾಯಲು ಒಪ್ಪದ ಮಾರಾಟಗಾರನಾದರೆ ಮುಂದಿನ ಕಾರು ನೋಡಿ.